ಕತ್ತು ಬಾಗಿದರೆ ತುತ್ತು ಇಳಿದೀತು

'ಲೋಟ ಕಚ್ಚಬೇಡ, ಎತ್ತಿ ಕುಡಿ' ಎಂಬ ಗದರಿಕೆ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಎಂಜಲಿನ ಲೆಕ್ಕಾಚಾರದಿಂದ ಬಂದ ಅಭ್ಯಾಸ ಅದು. ತಂಬಿಗೆಯನ್ನು ಬಾಯಿಂದ ನಾಲ್ಕು ಬೆರಳು ಮೇಲೆ ಹಿಡಿದು, ತಲೆಯನ್ನು ಹಿಂದಕ್ಕೆ ಚೆಲ್ಲಿ, ನೀರನ್ನು ಧಾರೆಯಾಗಿ ಗಂಟಲಿಗೆ ಬಿಟ್ಟುಕೊಳ್ಳುವುದು ಒಂದು ಕಸರತ್ತೇ ಸರಿ. ಇಪ್ಪತ್ತರ ಹರೆಯದಲ್ಲಿ ಸಲೀಸು. ಎಂದಾದರೊಮ್ಮೆ ನೆತ್ತಿಗೆ ಹತ್ತಿದರೆ ಕೆಮ್ಮುತ್ತೇವೆ, ಪಕ್ಕದಲ್ಲಿದ್ದವರು ನೆತ್ತಿ ತಟ್ಟಿ 'ಯಾರೋ ನೆನೆಸ್ಕೊಂಡ್ರು' ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅದೇ ಮನುಷ್ಯನಿಗೆ ಎಪ್ಪತ್ತೈದಾಗಿ, ಒಂದು ಸಲ ಲಕ್ವ ಹೊಡೆದು, ನಾಲಿಗೆ ಸ್ವಲ್ಪ ತೊದಲತೊಡಗಿದ ಮೇಲೆಯೂ ಅಭ್ಯಾಸಬಲದಿಂದ ತಲೆ ಎತ್ತಿ ನೀರು ಹೊಯ್ದುಕೊಂಡರೆ ಆ ನೀರು ಸೇರುವ ಜಾಗವೇ ಬೇರೆ. ನಾಲ್ಕು ದಿನಕ್ಕೆ ಜ್ವರ, ಏದುಸಿರು. ಆಸ್ಪತ್ರೆಯ ಚೀಟಿಯಲ್ಲಿ ನ್ಯುಮೋನಿಯಾ ಎಂದು ಬರೆದಿರುತ್ತದೆ. ಮನೆಯವರು ಥಂಡಿಯನ್ನು ದೂರುತ್ತಾರೆ, ಎಳನೀರನ್ನು ದೂರುತ್ತಾರೆ, ಫ್ಯಾನನ್ನೂ ದೂರುತ್ತಾರೆ. ಕತ್ತನ್ನು ಮಾತ್ರ ಯಾರೂ ದೂರುವುದಿಲ್ಲ.

ತಿನ್ನುವುದು ಬಾಯಿಯ ಕೆಲಸ, ಅರಗಿಸುವುದು ಹೊಟ್ಟೆಯ ಕೆಲಸ ಎಂದು ನಾವು ಹಂಚಿಕೊಟ್ಟುಬಿಟ್ಟಿದ್ದೇವೆ. ಇವೆರಡರ ನಡುವೆ, ಒಂದು ಸೆಕೆಂಡೂ ಪೂರ್ತಿ ಆಗುವುದರೊಳಗೆ, ಗಂಟಲಿನಲ್ಲಿ ನಡೆದುಹೋಗುವ ಕೆಲಸದ ಕಡೆ ಗಮನ ಹೋಗುವುದು ಅದು ಕೆಟ್ಟಾಗಲೇ. ಮೂಗಿನಿಂದ ಬರುವ ಗಾಳಿಗೂ ಬಾಯಿಂದ ಬರುವ ಅನ್ನಕ್ಕೂ ಗಂಟಲಿನಲ್ಲಿರುವುದು ಒಂದೇ ಓಣಿ. ಓಣಿ ಮುಗಿಯುವಲ್ಲಿ ದಾರಿ ಎರಡಾಗುತ್ತದೆ. ಮುಂದಿರುವುದು ಶ್ವಾಸನಾಳ, ಅದರ ಬೆನ್ನಿಗೆ ಒರಗಿಕೊಂಡು ಹಿಂದಿರುವುದು ಅನ್ನನಾಳ. ಹಾಗಾಗಿ ನಾವು ನುಂಗುವ ಒಂದೊಂದು ಅಗುಳೂ ಶ್ವಾಸನಾಳದ ಬಾಯಿಯನ್ನು ದಾಟಿಯೇ ಹೋಗಬೇಕು. 1859ರಲ್ಲಿ ಬಂದ ತಮ್ಮ ಜೀವಿಗಳ ಉಗಮದ ಗ್ರಂಥದಲ್ಲಿ ಚಾರ್ಲ್ಸ್ ಡಾರ್ವಿನ್ ಕೂಡ ಈ ವಿಚಿತ್ರ ಏರ್ಪಾಡಿನ ಬಗ್ಗೆ, ಅದರಲ್ಲಿರುವ ಅಪಾಯದ ಬಗ್ಗೆ ಪ್ರಸ್ತಾಪಿಸಿದ್ದರು. ರೈಲು ಬರುವ ಹೊತ್ತಿಗೆ ಗೇಟು ಬೀಳದಿದ್ದರೆ ಏನಾಗುತ್ತದೋ ಇಲ್ಲಿಯೂ ಅದೇ.

ಓದುವುದನ್ನು ಒಂದು ಗಳಿಗೆ ನಿಲ್ಲಿಸಿ. ಗಂಟಲಿನ ಮುಂಭಾಗದಲ್ಲಿ ಕೈಗೆ ಸಿಗುವ ಗಟ್ಟಿ ಉಬ್ಬಿನ ಮೇಲೆ ಎರಡು ಬೆರಳಿಟ್ಟು ಉಗುಳು ನುಂಗಿ ನೋಡಿ. ಉಬ್ಬು ಚಂಗನೆ ಮೇಲಕ್ಕೆ ಹೋಗಿ ಕೆಳಗಿಳಿಯುವುದು ಬೆರಳಿಗೆ ತಿಳಿಯುತ್ತದೆ. ಅದು ಧ್ವನಿಪೆಟ್ಟಿಗೆ. ನುಂಗುವ ಕ್ಷಣದಲ್ಲಿ ಅದು ಮೇಲಕ್ಕೂ ಮುಂದಕ್ಕೂ ಸರಿದು ನಾಲಿಗೆಯ ಬುಡದಡಿ ಸೇರಿಕೊಳ್ಳುತ್ತದೆ. ಅದರೊಳಗಿನ ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಎಪಿಗ್ಲಾಟಿಸ್ ಎಂಬ ಎಲೆಯಾಕಾರದ ಮುಚ್ಚಳ ಮಡಚಿ ಬೀಳುತ್ತದೆ, ಉಸಿರು ಅರೆಗಳಿಗೆ ನಿಲ್ಲುತ್ತದೆ. ಧ್ವನಿಪೆಟ್ಟಿಗೆ ಮುಂದಕ್ಕೆ ಸರಿದ ಎಳೆತಕ್ಕೆ ಅದರ ಹಿಂದೆ ಸದಾ ಬಿಗಿದುಕೊಂಡಿರುವ ಅನ್ನನಾಳದ ಬಾಯಿ ತೆರೆದುಕೊಳ್ಳುತ್ತದೆ. ಶ್ವಾಸನಾಳ ಮುಚ್ಚುವುದು, ಅನ್ನನಾಳ ತೆರೆಯುವುದು ಎರಡೂ ಈ ಒಂದೇ ಚಲನೆಯ ಫಲ. ಈಗ ತಲೆಯನ್ನು ಹಿಂದಕ್ಕೆ ಬಾಗಿಸಿ, ಸೂರು ನೋಡುತ್ತಾ ಮತ್ತೊಮ್ಮೆ ಉಗುಳು ನುಂಗಿ. ಕತ್ತಿನ ಮುಂಭಾಗದ ಸ್ನಾಯುಗಳು ಬಿಗಿದು ನಿಂತಿರುವುದರಿಂದ ಉಬ್ಬು ಮೇಲೇಳಲು ತಿಣುಕುತ್ತದೆ. ನುಂಗಲು ಈಗಾಗಲೇ ಕಷ್ಟವಿರುವವರು ಈ ಪರೀಕ್ಷೆಗೆ ಇಳಿಯುವುದು ಬೇಡ. ಉಳಿದವರಿಗೆ ಈ ಲೇಖನದ ಅರ್ಧ ವಿಷಯ ಇಲ್ಲಿಗೇ ಗೊತ್ತಾದಂತೆ.

ಹಾಗಾದರೆ ನುಂಗಿದ್ದು ಕೆಳಗಿಳಿಯುವುದು ಭೂಮಿಯ ಸೆಳೆತದಿಂದಲೇ? ಈ ಪ್ರಶ್ನೆ ಒಂದು ಕಾಲಕ್ಕೆ ವೈದ್ಯರನ್ನು ನಿಜವಾಗಿಯೂ ಕಾಡಿತ್ತು. ಬಾಹ್ಯಾಕಾಶದಲ್ಲಿ ತೂಕವೇ ಇಲ್ಲದ ಸ್ಥಿತಿಯಲ್ಲಿ ತುತ್ತು ಗಂಟಲಲ್ಲೇ ನಿಂತುಬಿಟ್ಟರೆ ಎಂಬ ಭಯ. 1962ರ ಫೆಬ್ರುವರಿ 20ರಂದು ಭೂಮಿಯನ್ನು ಸುತ್ತಿದ ಅಮೆರಿಕದ ಜಾನ್ ಗ್ಲೆನ್ ಟ್ಯೂಬಿನಿಂದ ಸೇಬಿನ ಪಾಕವನ್ನು ಬಾಯಿಗೆ ಹಿಂಡಿಕೊಂಡು ನುಂಗಿದರು, ಏನೂ ತೊಂದರೆಯಾಗಲಿಲ್ಲ. ಅದಕ್ಕೆ ಮೊದಲೇ, 1961ರಲ್ಲಿ, ಸೋವಿಯತ್ ಯಾತ್ರಿಗಳು ಮೇಲೆ ಊಟ ಮಾಡಿದ್ದರು. ಅಷ್ಟು ದೂರ ಹೋಗುವುದೇ ಬೇಡ, ಹೊಳೆಗೆ ಬಾಯಿ ಹಾಕಿ ನೀರು ಕುಡಿಯುವ ಹಸುವಿನ ಗಂಟಲಿನಲ್ಲಿ ನೀರು ಏರುಮುಖವಾಗಿಯೇ ಹೋಗುತ್ತದೆ. ನಾಲಿಗೆ ಹಿಂದಕ್ಕೆ ತಳ್ಳುತ್ತದೆ, ಗಂಟಲಿನ ಗೋಡೆ ಹಿಂಡುತ್ತದೆ, ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ ಅಲೆಅಲೆಯಾಗಿ ಹೊಟ್ಟೆಗೆ ಸಾಗಿಸುತ್ತದೆ. ಆರೋಗ್ಯವಂತರ ಗಂಟಲಿಗೆ ಭೂಮಿಯ ಸಹಾಯ ಬೇಕಿಲ್ಲ.

ಬೇಕಿಲ್ಲ ನಿಜ, ಆದರೆ ಭೂಮಿ ಸುಮ್ಮನಿರುವುದೂ ಇಲ್ಲ. ತೊಡಕಿರುವುದು ಅಲ್ಲಿ. ಲಕ್ವ, ಪಾರ್ಕಿನ್ಸನ್, ಮರೆಗುಳಿ ರೋಗ, ತಲೆಗೆ ಬಿದ್ದ ಪೆಟ್ಟು, ಕತ್ತಿನ ಕ್ಯಾನ್ಸರಿಗೆ ಕೊಟ್ಟ ರೇಡಿಯೇಷನ್, ಹುಟ್ಟಿನಿಂದ ಬಂದ ಸೆರೆಬ್ರಲ್ ಪಾಲ್ಸಿ, ಇಲ್ಲವೇ ಮುಪ್ಪು, ನಿಶ್ಶಕ್ತಿ, ಇವೆಲ್ಲ ನುಂಗುವ ಆಜ್ಞೆಯನ್ನು ತಡ ಮಾಡುತ್ತವೆ ಅಥವಾ ಸ್ನಾಯುಗಳನ್ನು ಸಡಿಲ ಮಾಡುತ್ತವೆ. ಲಕ್ವ ಹೊಡೆದ ಆರಂಭದ ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಈ ತೊಂದರೆ ಇರುತ್ತದೆ. ವೈದ್ಯರು ಇದಕ್ಕೆ ಡಿಸ್ಫೇಜಿಯಾ ಎನ್ನುತ್ತಾರೆ. ಅಂಥವರ ಬಾಯಿಗೆ ನೀರು ಬಿದ್ದಾಗ ನಾಲಿಗೆ ಅದನ್ನು ಹಿಡಿದಿಟ್ಟುಕೊಳ್ಳಲಾರದು. ನುಂಗುವ ಕ್ರಿಯೆ ಶುರುವಾಗಲು ಒಂದೆರಡು ಸೆಕೆಂಡು ತಡವಾದರೂ ಸಾಕು, ನೀರು ಅಷ್ಟರಲ್ಲಿ ಜಾರಿ, ತೆರೆದೇ ಇರುವ ಶ್ವಾಸನಾಳದ ಬಾಗಿಲಿಗೆ ಬಂದು ನಿಂತಿರುತ್ತದೆ. ತಲೆ ಹಿಂದಕ್ಕೆ ಬಾಗಿದ್ದರೆ ಇಳಿಜಾರು ಮತ್ತಷ್ಟು ಕಡಿದು, ನೀರು ಮತ್ತಷ್ಟು ಬೇಗ ಬರುತ್ತದೆ. ಭಂಗಿಯ ಮಾತು ಬರುವುದು ಇಲ್ಲಿಯೇ. ನರವನ್ನು ಅದು ರಿಪೇರಿ ಮಾಡದು. ಗಂಟಲಿನೊಳಗಿನ ಇಳಿಜಾರನ್ನು, ಸಂದುಗೊಂದುಗಳ ಅಗಲವನ್ನು ಬದಲಿಸಿ, ತಡವಾಗಿ ಶುರುವಾಗುವ ನುಂಗುವ ಕ್ರಿಯೆಗೆ ಸ್ವಲ್ಪ ಕಾಲಾವಕಾಶ ಕೊಡುತ್ತದೆ.

ಉಸಿರು ನಿಂತು ಬಿದ್ದವರಿಗೆ ಪ್ರಥಮ ಚಿಕಿತ್ಸೆ ಕೊಡುವುದನ್ನು ಕಲಿತವರಿಗೆ ಮೊದಲ ಪಾಠ ನೆನಪಿರಬೇಕು: ಹಣೆ ಒತ್ತಿ, ಗದ್ದ ಎತ್ತಿ, ತಲೆಯನ್ನು ಹಿಂದಕ್ಕೆ ಬಾಗಿಸಬೇಕು. ಹಾಗೆ ಮಾಡಿದರೆ ಶ್ವಾಸದ ದಾರಿ ಚೆನ್ನಾಗಿ ತೆರೆದುಕೊಳ್ಳುತ್ತದೆ. ಉಸಿರಾಟಕ್ಕೆ ಅತ್ಯುತ್ತಮವಾದ ಆ ಭಂಗಿ ಊಟಕ್ಕೆ ಅತ್ಯಂತ ಕೆಟ್ಟದ್ದು. ಹಾಸಿಗೆಯಲ್ಲಿರುವ ಅಜ್ಜಿಯ ತಲೆಯನ್ನು ದಿಂಬಿನ ಅಂಚಿನಿಂದ ಹಿಂದಕ್ಕೆ ಇಳಿಬಿಟ್ಟು, ಬಾಯಿ ತೆರೆಸಿ, ಗಂಜಿ ಹೊಯ್ಯುವವರು ತಮಗರಿವಿಲ್ಲದೆ ಇದೇ ಭಂಗಿಯನ್ನು ಒದಗಿಸುತ್ತಿರುತ್ತಾರೆ.

ಗದ್ದವನ್ನು ಎದೆಯತ್ತ ಇಳಿಸಿ ನುಂಗಿಸುವುದು ಇದಕ್ಕೆ ವಿರುದ್ಧವಾದ ಉಪಾಯ. ಗದ್ದ ಕೆಳಗಿಳಿದಾಗ ನಾಲಿಗೆಯ ಬುಡ ಹಿಂದಕ್ಕೆ ಸರಿಯುತ್ತದೆ, ಶ್ವಾಸನಾಳದ ಬಾಗಿಲು ಕಿರಿದಾಗುತ್ತದೆ. ನಾಲಿಗೆ ಬುಡಕ್ಕೂ ಎಪಿಗ್ಲಾಟಿಸ್‌ಗೂ ನಡುವೆ ಇರುವ ಪುಟ್ಟ ತಗ್ಗು ಕೆಲವರಲ್ಲಿ ಅಗಲವಾಗಿ, ಮೊದಲೇ ಜಾರಿಬಂದ ದ್ರವ ಅಲ್ಲಿ ತಂಗುತ್ತದೆ. ಇದನ್ನು ಕಣ್ಣಾರೆ ತೋರಿಸಿಕೊಟ್ಟವರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜೆರಿ ಲೋಗೆಮನ್ ಮುಖ್ಯರು. ಬೇರಿಯಂ ಬೆರೆಸಿದ ಆಹಾರವನ್ನು ಚೂರುಚೂರೇ ಕೊಟ್ಟು, ಅದು ಗಂಟಲಿನಲ್ಲಿ ಸಾಗುವುದನ್ನು ಎಕ್ಸ್‌ರೇ ವಿಡಿಯೋದಲ್ಲಿ ನೋಡುವ ಪರೀಕ್ಷೆಯನ್ನು ಬೆಳೆಸಿದವರು ಅವರು. 1983ರಲ್ಲಿ ಬಂದ ಅವರ ಪಠ್ಯಪುಸ್ತಕ ಆ ಕ್ಷೇತ್ರಕ್ಕೇ ಅಡಿಪಾಯ ಹಾಕಿತು. ರೋಗಿ ತಲೆ ತಿರುಗಿಸಿದಾಗ, ಗದ್ದ ಇಳಿಸಿದಾಗ, ಪಕ್ಕಕ್ಕೆ ವಾಲಿದಾಗ ತುತ್ತಿನ ದಾರಿ ಬದಲಾಗುವುದು ಪರದೆಯ ಮೇಲೆ ಕಾಣತೊಡಗಿದ ಮೇಲೆ ಭಂಗಿ ಎಂಬುದು ಮನೆವೈದ್ಯದ ಪಟ್ಟಿಯಿಂದ ಚಿಕಿತ್ಸೆಯ ಪಟ್ಟಿಗೆ ಬಂತು.

ತಲೆ ತಿರುಗಿಸುವ ಉಪಾಯವಂತೂ ಮೊದಲ ನೋಟಕ್ಕೆ ಉಲ್ಟಾ ಅನಿಸುತ್ತದೆ. ಗಂಟಲಿನ ಒಂದು ಪಕ್ಕ ಸೋತಿದ್ದರೆ ತಲೆಯನ್ನು ಆ ಸೋತ ಪಕ್ಕಕ್ಕೇ ತಿರುಗಿಸಬೇಕು. ತಿರುಗಿದ ಕಡೆಯ ದಾರಿ ಹಿಂಡಿಕೊಂಡು ಮುಚ್ಚಿಹೋಗುತ್ತದೆ, ತುತ್ತು ಗಟ್ಟಿಯಾಗಿರುವ ಪಕ್ಕದಿಂದ ಇಳಿಯುತ್ತದೆ. ತಲೆಯನ್ನು ತಿರುಗಿಸದೆ ಭುಜದ ಕಡೆಗೆ ವಾಲಿಸುವುದಾದರೆ ಮಾತ್ರ ಗಟ್ಟಿ ಪಕ್ಕಕ್ಕೆ ವಾಲಿಸಬೇಕು, ಏಕೆಂದರೆ ತುತ್ತು ತಗ್ಗಿನ ಕಡೆ ಹರಿಯುತ್ತದೆ. ಕೈಕಾಲು ಸೋತ ಪಕ್ಕವೇ ಗಂಟಲೂ ಸೋತಿರಬೇಕೆಂದೇನಿಲ್ಲ. ಮಿದುಳಿನ ಬುಡದಲ್ಲಿ ಆದ ಲಕ್ವದಲ್ಲಿ ಲೆಕ್ಕ ಬೇರೆಯಾಗಬಹುದು. ಆದ್ದರಿಂದ ಯಾವ ಪಕ್ಕ ಎಂಬುದನ್ನು ಪರೀಕ್ಷೆ ಮಾಡಿದವರೇ ಹೇಳಬೇಕು, ಪಕ್ಕದ ಹಾಸಿಗೆಯ ರೋಗಿಯ ಮಗ ಹೇಳುವುದಲ್ಲ.

ಗದ್ದ ಇಳಿಸುವುದೂ ಎಲ್ಲರಿಗೂ ಹೊಂದುವ ಮದ್ದಲ್ಲ. ತುಟಿ ಮುಚ್ಚಲಾಗದವರು ಗದ್ದ ಇಳಿಸಿದರೆ ಬಾಯಲ್ಲಿದ್ದದ್ದು ಮಡಿಲಿಗೆ ಬೀಳುತ್ತದೆ. ನುಂಗಿದ ಮೇಲೂ ಗಂಟಲಿನ ತಳದ ಸಂದುಗಳಲ್ಲಿ ಆಹಾರ ಉಳಿಯುವವರಲ್ಲಿ, ಉಳಿದದ್ದು ಮುಂದಕ್ಕೆ ಚೆಲ್ಲಿ ಶ್ವಾಸನಾಳಕ್ಕೆ ಬೀಳಬಹುದು. ಜಪಾನಿನಲ್ಲಿ ಕೆಲವು ರೋಗಿಗಳನ್ನು ನೆಟ್ಟಗೆ ಕೂರಿಸುವುದೇ ಇಲ್ಲ. ಹಾಸಿಗೆಯನ್ನು 30 ಡಿಗ್ರಿಯಷ್ಟು ಮಾತ್ರ ಎತ್ತಿ, ದಿಂಬಿನಿಂದ ಕತ್ತನ್ನು ಮುಂದಕ್ಕೆ ಬಾಗಿಸಿ ತಿನ್ನಿಸುತ್ತಾರೆ. ಒರಗಿ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ ಬರುತ್ತದಲ್ಲ, ನಾಲಿಗೆಯಿಂದ ತುತ್ತನ್ನು ಹಿಂದಕ್ಕೆ ತಳ್ಳಲಾರದವರಿಗೆ ಆ ಇಳಿಜಾರೇ ನೆರವಾಗುತ್ತದೆ. ಆದರೆ ಅಲ್ಲಿಯೂ ಕತ್ತು ಮುಂದಕ್ಕೇ ಬಾಗಿರುತ್ತದೆ ಎಂಬುದನ್ನು ಗಮನಿಸಬೇಕು. ಬೆನ್ನಿನ ಕೋನದಲ್ಲಿ ಚೌಕಾಸಿ ನಡೆದೀತು, ಕತ್ತಿನದರಲ್ಲಿ ಕಷ್ಟ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎಲೆಯೂಟ ಮಾಡುವವರ ಕತ್ತನ್ನು ನೋಡಿ. ಎಲೆ ಕೆಳಗಿದೆ, ಕೈ ಅಲ್ಲಿಂದ ಮೇಲೆ ಬರಬೇಕು, ಹಾಗಾಗಿ ಸೊಂಟದಿಂದ ಮುಂದಕ್ಕೆ ವಾಲಿ, ಗದ್ದ ತಗ್ಗಿಸಿಯೇ ಉಣ್ಣುತ್ತಾರೆ. ಸಾರನ್ನ ಸೊರ್ ಎಂದು ಸುರಿಯುವಾಗಲೂ ತಲೆ ಬಾಗಿಯೇ ಇರುತ್ತದೆ. ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಎಂಬ ಹಾಡು ಹಾಡಲು ನಾನು ಹೊರಟಿಲ್ಲ. ಅದೇ ಹಿರಿಯರೇ ನೀರನ್ನು ಎತ್ತಿ ಕುಡಿಯಿರಿ ಅಂದವರು. ಒಂದೇ ಪಂಕ್ತಿಯಲ್ಲಿ ಅನ್ನಕ್ಕೆ ಸರಿಯಾದ ಭಂಗಿ, ನೀರಿಗೆ ತಪ್ಪು ಭಂಗಿ. ಅದೂ ನೀರು ಎಲ್ಲಕ್ಕಿಂತ ವೇಗವಾಗಿ ಹರಿಯುವಂಥದ್ದು, ಸೋತ ಗಂಟಲಿಗೆ ಎಲ್ಲಕ್ಕಿಂತ ಕಷ್ಟದ್ದು.

ಲೋಟದ ಆಕಾರವೂ ಕತ್ತನ್ನು ಆಳುತ್ತದೆ. ನಮ್ಮ ಉದ್ದನೆಯ ಸ್ಟೀಲ್ ಲೋಟದಲ್ಲಿ ಮೊದಲ ಅರ್ಧ ಕುಡಿಯುವವರೆಗೆ ತಲೆ ನೆಟ್ಟಗಿರುತ್ತದೆ. ತಳದ ಗುಟುಕು ಬರಬೇಕೆಂದರೆ ಅಂಚು ಮೂಗಿಗೆ ತಗುಲಿ ತಲೆ ಹಿಂದಕ್ಕೆ ವಾಲಲೇಬೇಕು. ಕೆಮ್ಮು ಬರುವುದು ಹೆಚ್ಚಾಗಿ ಈ ಕೊನೆಯ ಗುಟುಕಿಗೇ. ಮೂಗಿಗೆ ಜಾಗ ಬಿಟ್ಟು ಒಂದು ಕಡೆ ಅಂಚು ಕತ್ತರಿಸಿದ ಲೋಟಗಳನ್ನು ಇದಕ್ಕಾಗಿಯೇ ಮಾಡುತ್ತಾರೆ; ತೆಳು ಪ್ಲಾಸ್ಟಿಕ್ ಲೋಟವನ್ನು ಮನೆಯಲ್ಲೇ ಕತ್ತರಿಸಿ, ಅಂಚು ನುಣುಪು ಮಾಡಿಕೊಂಡರೂ ಆದೀತು. ಇಲ್ಲವೇ ಅಗಲ ಬಾಯಿಯ ಬಟ್ಟಲಿನಲ್ಲಿ ಕೊಡಿ, ಅಥವಾ ಲೋಟ ಅರ್ಧವಾದಾಗ ಮತ್ತೆ ತುಂಬಿಸಿ. ಖರ್ಚಿಲ್ಲದ ಕೆಲಸ.

ಕತ್ತು ಸರಿಯಾಗಿ ನಿಲ್ಲಬೇಕಾದರೆ ಅದರ ಕೆಳಗಿನದು ಸರಿಯಾಗಿ ಕೂತಿರಬೇಕು. ಆಸ್ಪತ್ರೆಯ ಮಂಚದ ತಲೆಭಾಗವನ್ನು ಹ್ಯಾಂಡಲ್ ತಿರುಗಿಸಿ ಎತ್ತಿಬಿಟ್ಟರೆ ರೋಗಿ ಕೂತಂತಾಯಿತು ಎಂದು ನಾವು ತಿಳಿಯುತ್ತೇವೆ. ರೋಗಿ ಅಷ್ಟರಲ್ಲಿ ಮಂಚದ ಕಾಲ್ದೆಸೆಗೆ ಜಾರಿರುತ್ತಾರೆ. ಮಂಚ ಮಡಚುವ ಜಾಗಕ್ಕೆ ಸೊಂಟದ ಬದಲು ಎದೆ ಬಂದಿರುತ್ತದೆ. ಹೊಟ್ಟೆ ಮುದುಡಿ, ಬೆನ್ನು ಗೂನಾಗಿ, ಎದುರು ನೋಡಲು ತಲೆಯನ್ನು ಹಿಂದಕ್ಕೆ ಎತ್ತಬೇಕಾಗುತ್ತದೆ. ಮೊದಲು ಅವರನ್ನು ಮೇಲಕ್ಕೆ ಎಳೆದು ಸೊಂಟವನ್ನು ಮಡಿಕೆಯ ಜಾಗಕ್ಕೆ ತಂದು, ಮಂಡಿಯ ಕೆಳಗೆ ದಿಂಬು ಕೊಟ್ಟು, ಆಮೇಲೆ ತಲೆಭಾಗ ಎತ್ತಬೇಕು. ಕುರ್ಚಿಯಲ್ಲಿ ಕೂರುವವರಾದರೆ ಪೃಷ್ಠ ಕುರ್ಚಿಯ ಹಿಂಬದಿಗೆ ತಾಗಿರಬೇಕು, ಪಾದ ನೆಲದ ಮೇಲೋ ಮಣೆಯ ಮೇಲೋ ಊರಿರಬೇಕು. ಪಾದಕ್ಕೂ ಗಂಟಲಿಗೂ ಏನು ನಂಟು ಎಂದು ಕೇಳಬಹುದು. ಕಾಲು ತೂಗಾಡುತ್ತಿದ್ದರೆ ಮುಂಡ ಸ್ಥಿರವಾಗಿರದು, ಮುಂಡ ಸ್ಥಿರವಿಲ್ಲದಿದ್ದರೆ ಕತ್ತಿನ ಸ್ನಾಯುಗಳು ತಲೆ ಬೀಳದಂತೆ ಹಿಡಿಯುವುದರಲ್ಲೇ ಸುಸ್ತಾಗುತ್ತವೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಇದು ಢಾಳಾಗಿ ಕಾಣುತ್ತದೆ. ತೊಡೆಯ ಮೇಲೆ ಅಂಗಾತ ಮಲಗಿಸಿ ಬಾಯಿಗೆ ತುತ್ತು ತಂದರೆ ಮಗು ಬಿಲ್ಲಿನ ಹಾಗೆ ಹಿಂದಕ್ಕೆ ಸೆಟೆದುಕೊಳ್ಳುತ್ತದೆ. ಸೊಂಟ, ಮಂಡಿ ಎರಡನ್ನೂ ಮಡಚಿ, ಬೆನ್ನಿಗೆ ಆಸರೆ ಕೊಟ್ಟು, ತಲೆ ತುಸು ಮುಂದೆ ಬರುವಂತೆ ಕೂರಿಸಿದರೆ ಅದೇ ಮಗುವಿನ ಸೆಟೆತ ಸಡಿಲವಾಗುತ್ತದೆ.

ಇಷ್ಟು ಹೊತ್ತು ಉಣ್ಣುವವರ ಭಂಗಿಯ ಮಾತಾಯಿತು. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಉಣ್ಣಿಸುವವರ ಭಂಗಿ. ಯಾವ ಆಸ್ಪತ್ರೆಯ ವಾರ್ಡಿಗಾದರೂ ಊಟದ ಹೊತ್ತಿಗೆ ಹೋಗಿ ನೋಡಿ. ಮಗಳು, ಸೊಸೆ, ಆಯಾ, ಯಾರೇ ಇರಲಿ, ಮಂಚದ ಪಕ್ಕ ನಿಂತೇ ಚಮಚ ಹಿಡಿದಿರುತ್ತಾರೆ. ಚಮಚ ಮೇಲಿನಿಂದ ಬರುತ್ತದೆ. ರೋಗಿ ಚಮಚವನ್ನೂ ಮುಖವನ್ನೂ ನೋಡಲು ತಲೆ ಎತ್ತುತ್ತಾರೆ. ನಿಂತವರು ಬಯಸಲಿ ಬಿಡಲಿ, ಕೂತವರ ಕತ್ತು ಹಿಂದಕ್ಕೆ ಬಾಗಿಯೇ ಬಾಗುತ್ತದೆ. 'ಗದ್ದ ಕೆಳಗೆ ಮಾಡಪ್ಪಾ' ಎಂದು ನೂರು ಸಲ ಹೇಳುವುದಕ್ಕಿಂತ ತಾವೇ ಒಂದು ಸ್ಟೂಲು ಎಳೆದುಕೊಂಡು, ಕಣ್ಣಿಗೆ ಕಣ್ಣು ಸಮವಾಗುವಂತೆ ಅಥವಾ ತುಸು ಕೆಳಗೇ ಕೂತರೆ ಗದ್ದ ತಾನಾಗಿ ಇಳಿಯುತ್ತದೆ. ಚಮಚ ಕೆಳಗಿನಿಂದ, ಎದುರಿನಿಂದ ಬರಲಿ. ನಾಲಿಗೆಯ ಮಧ್ಯಕ್ಕೆ ಮೆಲ್ಲಗೆ ಒತ್ತಿ, ತುಟಿ ಮುಚ್ಚಿಕೊಂಡ ಮೇಲೆ ನೇರವಾಗಿ ಹೊರತೆಗೆಯಿರಿ. ಮೇಲಿನ ಹಲ್ಲಿಗೆ ಉಜ್ಜಿ ಎಳೆದರೆ ತಲೆ ಮತ್ತೆ ಹಿಂದಕ್ಕೆ ಹೋಗುತ್ತದೆ.

ಸೂಸನ್ ಲ್ಯಾಂಗ್ಮೋರ್ ಎಂಬ ತಜ್ಞೆ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. 189 ಹಿರಿಯರನ್ನು ವರ್ಷಗಳ ಕಾಲ ಗಮನಿಸಿ, ಆಹಾರ ಶ್ವಾಸಕೋಶಕ್ಕೆ ಹೋಗಿ ಆಗುವ ನ್ಯುಮೋನಿಯಾವನ್ನು ಯಾವುದು ಮುಂಚಿತವಾಗಿ ಸೂಚಿಸುತ್ತದೆ ಎಂದು ಅವರು ಹುಡುಕಿದರು. ಬರೀ ನುಂಗುವ ತೊಂದರೆಯೊಂದೇ ಸಾಕಾಗಲಿಲ್ಲ. ಪಟ್ಟಿಯ ಮೇಲ್ಭಾಗದಲ್ಲಿ ಬಂದದ್ದು ಊಟಕ್ಕೆ ಬೇರೆಯವರ ಕೈಯನ್ನು ಅವಲಂಬಿಸಿರುವುದು. ಜೊತೆಗೆ ಬಾಯಿ ಶುಚಿಗೆ ಬೇರೆಯವರನ್ನು ಅವಲಂಬಿಸಿರುವುದು, ಹುಳುಕು ಹಲ್ಲುಗಳ ಸಂಖ್ಯೆ, ಟ್ಯೂಬಿನ ಊಟ, ಧೂಮಪಾನ ಮೊದಲಾದವು. ತಾನೇ ತಿನ್ನುವವನಿಗೆ ತುತ್ತು ಯಾವಾಗ ಬರುತ್ತದೆ, ಎಷ್ಟು ದೊಡ್ಡದು ಎಂಬುದು ಮುಂಚೆಯೇ ಗೊತ್ತು, ಅವನ ಗಂಟಲು ತಯಾರಾಗಿರುತ್ತದೆ. ಬೇರೆಯವರು ತಿನ್ನಿಸುವಾಗ ಆ ಮುನ್ಸೂಚನೆ ಸಿಗದು. ಆದ್ದರಿಂದ ಕೈ ನಡುಗಿದರೂ, ಅರ್ಧ ಚೆಲ್ಲಿದರೂ, ಸಾಧ್ಯವಿದ್ದವರು ತಾವೇ ತಿನ್ನಲಿ. ಬೇಕಿದ್ದರೆ ಅವರ ಕೈಯ ಕೆಳಗೆ ನಮ್ಮ ಕೈ ಇರಲಿ. ಬಾಯಿ ತೊಳೆಸುವುದನ್ನು ಮರೆಯಬಾರದು. ಶ್ವಾಸಕೋಶಕ್ಕೆ ಒಂದು ಹನಿ ಇಳಿದರೂ ಅದು ಶುಚಿಯಾದ ಬಾಯಿಂದ ಇಳಿದರೆ ಅಪಾಯ ಕಡಿಮೆ.

ಭಂಗಿಯ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಲೋಗೆಮನ್ ಮತ್ತು ಸಂಗಡಿಗರು ಮರೆಗುಳಿ ರೋಗ ಅಥವಾ ಪಾರ್ಕಿನ್ಸನ್ ಇರುವ 711 ಜನರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗದ್ದ ಇಳಿಸಿ ನೀರು ಕುಡಿಸುವುದಕ್ಕಿಂತ ಜೇನಿನಷ್ಟು ಮಂದ ಮಾಡಿದ ದ್ರವ ಕೊಟ್ಟಾಗ ಶ್ವಾಸನಾಳಕ್ಕೆ ಇಳಿಯುವುದು ಕಡಿಮೆಯಾಗಿತ್ತು. ಅಲ್ಲಿಗೆ ಭಂಗಿ ಸೋತಿತು ಎನ್ನಬೇಕೇ? ಅದೇ ವರ್ಷ ಬಂದ ಮುಂದುವರಿದ ಭಾಗದಲ್ಲಿ 515 ಜನರನ್ನು ಮೂರು ತಿಂಗಳು ಗಮನಿಸಿದಾಗ ನ್ಯುಮೋನಿಯಾದ ಪ್ರಮಾಣದಲ್ಲಿ ಎರಡು ಗುಂಪಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮಂದ ದ್ರವ ಕುಡಿದವರಲ್ಲಿ ನಿರ್ಜಲತೆಯ ತೊಂದರೆ ಹೆಚ್ಚಿತ್ತು. ಮಂದ ಮಾಡಿದ ನೀರು ಯಾರಿಗೆ ತಾನೇ ಇಷ್ಟ, ಕುಡಿಯುವುದನ್ನೇ ಕಡಿಮೆ ಮಾಡಿಬಿಡುತ್ತಾರೆ. ಎಕ್ಸ್‌ರೇ ಪರದೆಯಲ್ಲಿ ಗೆದ್ದದ್ದು ಬದುಕಿನಲ್ಲಿ ಗೆಲ್ಲಲೇಬೇಕೆಂದಿಲ್ಲ. ಒಳ್ಳೆಯ ಚಿಕಿತ್ಸಕರು ಭಂಗಿ, ಆಹಾರದ ಹದ, ತುತ್ತಿನ ಗಾತ್ರ, ವೇಗ ಎಲ್ಲವನ್ನೂ ಆ ಒಬ್ಬ ಮನುಷ್ಯನಿಗೆ ಹೊಂದಿಸಿ ನೋಡುತ್ತಾರೆ. ಹದದ ವಿಷಯದಲ್ಲಿ ನಮ್ಮ ಅಡುಗೆಮನೆಗೆ ಒಂದೇ ಮಾತು: ಗಟ್ಟಿಯೂ ತೆಳುವೂ ಬೆರೆತದ್ದು ಕಷ್ಟ. ತಿಳಿಸಾರಿನಲ್ಲಿ ಉದುರನ್ನ, ಹಾಲಿನಲ್ಲಿ ಅವಲಕ್ಕಿ ಹಾಕಿಕೊಟ್ಟರೆ ನಾಲಿಗೆ ಅಗುಳನ್ನು ಹೊರಳಿಸುತ್ತಿರುವಾಗಲೇ ದ್ರವ ಮುಂದೆ ಓಡಿಬಿಡುತ್ತದೆ. ಚೆನ್ನಾಗಿ ಕಿವುಚಿದ ಮೊಸರನ್ನ ಒಟ್ಟಿಗೆ ಸಾಗುತ್ತದೆ. ಮುದ್ದೆಯನ್ನು ಅಗಿಯದೆ ನುಂಗಬೇಕು ಎಂಬುದು ಹಳೇ ಮೈಸೂರು ಸೀಮೆಯ ಪಾಠ. ಅದಕ್ಕೆ ಗಟ್ಟಿ ನಾಲಿಗೆ, ಗಟ್ಟಿ ಗಂಟಲು ಬೇಕು. ಲಕ್ವ ಹೊಡೆದವರಿಗೆ ಆಸೆಪಟ್ಟರೆಂದು ಕೊಡುವ ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಕೂಸುಗಳ ಕಡೆ ಬರೋಣ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಒಳಲೆಯಿಂದ ಹಾಲನ್ನೋ ಬಜೆ ತೇಯ್ದ ನೀರನ್ನೋ ಹರಳೆಣ್ಣೆಯನ್ನೋ ಹೊಯ್ಯುವ ಅಜ್ಜಿಯರನ್ನು ನಾವೆಲ್ಲ ನೋಡಿದ್ದೇವೆ. ಮಗು ಚೀರುತ್ತಿದ್ದರೆ ಇನ್ನೂ ಒಳ್ಳೆಯದು, ಬಾಯಿ ತೆರೆದಿರುತ್ತದಲ್ಲ ಎಂಬುದು ಅವರ ತರ್ಕ. ಕೆಲವರು ಮೂಗನ್ನೂ ಹಿಡಿಯುತ್ತಾರೆ. ಅಳುವ ಮಗು ಜೋರಾಗಿ ಉಸಿರೆಳೆದುಕೊಳ್ಳುವ ಆ ಕ್ಷಣದಲ್ಲಿ ಬಾಯಲ್ಲಿದ್ದದ್ದು ನೇರ ಶ್ವಾಸಕೋಶಕ್ಕೆ ಹೋಗಬಹುದು. ಎಣ್ಣೆಯಾದರೆ ಮಗು ಕೆಮ್ಮುವುದೂ ಕಡಿಮೆ. ಹಾಗೆ ಶ್ವಾಸಕೋಶದಲ್ಲಿ ಎಣ್ಣೆ ಉಳಿದು ಆಗುವ ಲಿಪಾಯ್ಡ್ ನ್ಯುಮೋನಿಯಾವನ್ನು ನಮ್ಮ ದೇಶದ ಮಕ್ಕಳ ವೈದ್ಯರು ಕಂಡು ದಾಖಲಿಸಿದ್ದಾರೆ. ತಪ್ಪು ಒಳಲೆಯದಲ್ಲ. ತೂಕ ಕಡಿಮೆ ಇರುವ, ಮೊಲೆ ಚೀಪಲಾರದ ಶಿಶುಗಳಿಗೆ ಇಂದಿನ ಆಸ್ಪತ್ರೆಗಳಲ್ಲೂ ತಾಯಿಯ ಹಾಲನ್ನು ಒಳಲೆಯಲ್ಲೇ ಕೊಡುತ್ತಾರೆ. ಆದರೆ ಮಗುವಿನ ತಲೆ, ಬೆನ್ನು ಎರಡನ್ನೂ ಎತ್ತಿ, ಎಚ್ಚರವಾಗಿರುವಾಗ, ಒಳಲೆಯ ಮೂತಿಯನ್ನು ತುಟಿಗೆ ತಾಗಿಸಿ, ಮಗು ಹೀರಿದಷ್ಟೇ ಬರುವಂತೆ ಹಿಡಿಯುತ್ತಾರೆ. ಹೊಯ್ಯುವುದಿಲ್ಲ.

ಮಲಗಿಕೊಂಡು ಮೊಲೆಯೂಡಿಸುವ ತಾಯಂದಿರು ಇದನ್ನೋದಿ ಗಾಬರಿಯಾಗಬೇಕಿಲ್ಲ. ಮೊಲೆಯಲ್ಲಿ ಹಾಲಿನ ವೇಗ ಬಹುಮಟ್ಟಿಗೆ ಮಗುವಿನ ಹಿಡಿತದಲ್ಲಿರುತ್ತದೆ, ಮಗು ತಾಯಿಯ ಕಡೆ ಮಗ್ಗುಲಾಗಿರುತ್ತದೆ. ಬಾಟಲಿಯನ್ನು ದಿಂಬಿಗೆ ಒರಗಿಸಿ, ಅಂಗಾತ ಮಲಗಿದ ಮಗುವಿನ ಬಾಯಿಗಿಟ್ಟು ಹೋಗುವುದು ಬೇರೆಯ ಮಾತು. ಅಲ್ಲಿ ಹಾಲು ಮಗು ಬೇಡವೆಂದರೂ ತೊಟ್ಟಿಕ್ಕುತ್ತದೆ. ಕೂಸುಗಳಲ್ಲಿ ಗಂಟಲಿನಿಂದ ಕಿವಿಗೆ ಹೋಗುವ ನಾಳ ಗಿಡ್ಡವಾಗಿ, ಅಡ್ಡಡ್ಡಲಾಗಿ ಇರುವುದರಿಂದ ಕಿವಿಗೂ ತೊಂದರೆ ತಪ್ಪಿದ್ದಲ್ಲ.

ಗುಳಿಗೆ ನುಂಗುವಾಗ ಆರೋಗ್ಯವಂತರೂ ಕತ್ತನ್ನು ಹಿಂದಕ್ಕೆ ಎಸೆಯುತ್ತಾರೆ, ಅದೇನು ನಂಬಿಕೆಯೋ. ಕ್ಯಾಪ್ಸೂಲು ನೀರಿನಲ್ಲಿ ತೇಲುತ್ತದೆ. ತಲೆ ಹಿಂದಕ್ಕೆ ಬಾಗಿಸಿದರೆ ಅದು ತೇಲಿ ಹಲ್ಲಿನ ಕಡೆ ಬರುತ್ತದೆ, ನೀರು ಮಾತ್ರ ಒಳಹೋಗುತ್ತದೆ. ಜರ್ಮನಿಯ ಹೈಡಲ್‌ಬರ್ಗ್‌ನ ಸಂಶೋಧಕರು 2014ರಲ್ಲಿ ಹೇಳಿದ ಉಪಾಯ: ಕ್ಯಾಪ್ಸೂಲನ್ನು ನಾಲಿಗೆಯ ಮೇಲಿಟ್ಟು, ಒಂದು ಗುಟುಕು ನೀರು ತೆಗೆದುಕೊಂಡು, ಗದ್ದವನ್ನು ಎದೆಯತ್ತ ಬಾಗಿಸಿ ನುಂಗಿ. ಆಗ ಅದು ತೇಲಿ ಗಂಟಲಿನ ಕಡೆಗೇ ಹೋಗುತ್ತದೆ. ಅವರು ಪರೀಕ್ಷಿಸಿದವರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಜನರಿಗೆ ಹೀಗೆ ಸುಲಭವಾಯಿತು. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆಯನ್ನು ಮಲಗುವ ಮುಂಚೆ ಒಂದೇ ಗುಟುಕು ನೀರಿನಲ್ಲಿ ನುಂಗಿ ದಿಂಬಿಗೆ ತಲೆ ಕೊಟ್ಟರೆ ಅದು ಅನ್ನನಾಳದಲ್ಲೇ ಅಂಟಿ ಹುಣ್ಣು ಮಾಡಬಹುದು. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು ಎಂದು ವೈದ್ಯರು ಹೇಳುವುದೂ ಇದಕ್ಕೇ.

ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿದ ಮೇಲೆ ಗಂಟಲಿನ ಚಿಂತೆ ತೀರಿತು ಎಂದುಕೊಳ್ಳುವವರು ಬಹಳ. ಟ್ಯೂಬಿನಲ್ಲಿ ಹೋದದ್ದು ಮರಳಿ ಮೇಲೆ ಬರಬಹುದು, ಉಗುಳಂತೂ ಇದ್ದೇ ಇದೆ. ಬಾರ್ಸಿಲೋನಾದಲ್ಲಿ ವೆಂಟಿಲೇಟರ್‌ನಲ್ಲಿದ್ದ 86 ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಪ್ಪಟೆಯಾಗಿ ಮಲಗಿಸಿದವರಲ್ಲಿ ಶೇ. 34 ಜನರಿಗೆ ನ್ಯುಮೋನಿಯಾದ ಶಂಕೆ ಕಂಡರೆ, ತಲೆಭಾಗವನ್ನು 45 ಡಿಗ್ರಿ ಎತ್ತಿದವರಲ್ಲಿ ಅದು ಶೇ. 8 ಮಾತ್ರ. ವ್ಯತ್ಯಾಸ ಅಷ್ಟು ಸ್ಪಷ್ಟವಿದ್ದುದರಿಂದ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ಮನೆಯಲ್ಲಿ ಟ್ಯೂಬಿನಿಂದ ಗಂಜಿ ಕೊಡುವವರೂ ತಲೆಭಾಗವನ್ನು ಕನಿಷ್ಠ 30 ಡಿಗ್ರಿ ಎತ್ತಿ ಕೊಡಬೇಕು, ಮುಗಿದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೆಯೇ ಬಿಡಬೇಕು. ಬಾಯಲ್ಲಿ ಉಂಡವರೂ ಊಟವಾದ ಮೇಲೆ ಅಷ್ಟು ಹೊತ್ತು ಮಲಗಬಾರದು. ಪ್ರಾಣ ಹೋಗುವ ಹೊತ್ತಿನಲ್ಲಿ ಬಾಯಿಗೆ ಗಂಗೆ ಬಿಡುವ ಪದ್ಧತಿ ಇರುವ ಮನೆಗಳಲ್ಲಿ ಹತ್ತಿಯನ್ನು ಅದ್ದಿ ತುಟಿ, ನಾಲಿಗೆ ತೋಯಿಸಿದರೆ ಸಾಕು. ಎಚ್ಚರವಿಲ್ಲದವರ ಗಂಟಲಿಗೆ ಉದ್ಧರಣೆಯಿಂದ ನೀರು ಹೊಯ್ದರೆ ಅವರ ಕೊನೆಯ ಗಂಟೆಗಳು ಇನ್ನಷ್ಟು ಕಷ್ಟವಾಗುತ್ತವೆ.

ನೆತ್ತಿಗೆ ಹತ್ತಿ ಕೆಮ್ಮುತ್ತಿರುವವರಿಗೆ ನಾವು ಮಾಡುವ ಮೊದಲ ಕೆಲಸ ನೀರು ಕೊಡುವುದು. ಅದು ಬೇಡ. ಕೆಮ್ಮು ಬರುತ್ತಿದೆ ಎಂದರೆ ಗಾಳಿ ಆಡುತ್ತಿದೆ; ಮುಂದಕ್ಕೆ ಬಾಗಿಸಿ, ಕೆಮ್ಮಲು ಬಿಡಿ. ದನಿಯೇ ಹೊರಡದೆ, ಕೆಮ್ಮಲೂ ಆಗದೆ ಮುಖ ನೀಲಿಗಟ್ಟುತ್ತಿದ್ದರೆ ಮಾತ್ರ ಬೆನ್ನಿಗೆ ಗುದ್ದುವುದು, ಹಿಂದಿನಿಂದ ತಬ್ಬಿ ಹೊಟ್ಟೆಯನ್ನು ಒಳಕ್ಕೂ ಮೇಲಕ್ಕೂ ಒತ್ತುವುದು. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಬಾರದು. ತಲೆ ತಗ್ಗಿರುವಂತೆ ಕೈಮೇಲೆ ಬೋರಲು ಹಿಡಿದು ಬೆನ್ನಿಗೆ ತಟ್ಟಬೇಕು, ಎದೆ ಒತ್ತಬೇಕು. ಎಲ್ಲಕ್ಕಿಂತ ಮೋಸದ್ದು ಕೆಮ್ಮೇ ಬಾರದಿರುವುದು. ಗಂಟಲಿನ ಸ್ಪರ್ಶವೇ ಮಂಕಾದವರಲ್ಲಿ ನೀರು ಶ್ವಾಸಕೋಶಕ್ಕೆ ಇಳಿಯುತ್ತಿದ್ದರೂ ಒಂದು ಸದ್ದಿಲ್ಲ. ಊಟವಾದ ಮೇಲೆ ದನಿ ಗೊಳಗೊಳ ಎನ್ನುವುದು, ಮತ್ತೆ ಮತ್ತೆ ಗಂಟಲು ಸರಿಮಾಡಿಕೊಳ್ಳುವುದು, ಒಂದು ಬಟ್ಟಲು ಉಣ್ಣಲು ಮುಕ್ಕಾಲು ಗಂಟೆ ಹಿಡಿಯುವುದು, ಕಾರಣ ತಿಳಿಯದ ಜ್ವರ ಮರುಕಳಿಸುವುದು, ತೂಕ ಇಳಿಯುವುದು ಕಂಡರೆ ಸುಮ್ಮನಿರಬೇಡಿ.

ಮಾತಿನ ಚಿಕಿತ್ಸಕರು, ಅಂದರೆ ಸ್ಪೀಚ್ ಥೆರಪಿಸ್ಟರು, ಮಾತು ಕಲಿಸುವವರು ಮಾತ್ರ ಎಂದು ತುಂಬ ಜನ ತಿಳಿದಿದ್ದಾರೆ. ನುಂಗುವುದನ್ನು ಪರೀಕ್ಷಿಸಿ ಸರಿಪಡಿಸುವವರೂ ಅವರೇ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇಂಥ ತಜ್ಞರನ್ನು ದಶಕಗಳಿಂದ ತಯಾರು ಮಾಡುತ್ತಾ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ವಾಕ್ ಚಿಕಿತ್ಸೆಯ ವಿಭಾಗವಿದೆ. ನಿಮ್ಮವರು ಲಕ್ವವಾಗಿ ಆಸ್ಪತ್ರೆ ಸೇರಿದ್ದರೆ, ಬಾಯಿಗೆ ಮೊದಲ ಗುಟುಕು ನೀರು ಹಾಕುವ ಮುನ್ನ ವೈದ್ಯರನ್ನೋ ನರ್ಸನ್ನೋ ಒಂದು ಪ್ರಶ್ನೆ ಕೇಳಿ: 'ಇವರಿಗೆ ನುಂಗುವ ಪರೀಕ್ಷೆ ಆಗಿದೆಯೇ?' ಆಗಿದೆ ಎಂದರೆ ಯಾವ ಭಂಗಿ, ಯಾವ ಹದ, ಯಾವ ಪಕ್ಕ ಎಂದು ಬರೆಸಿಕೊಂಡು ಮಂಚದ ತಲೆದೆಸೆಗೆ ಅಂಟಿಸಿ. ಸರದಿಯ ಮೇಲೆ ಬರುವ ಪ್ರತಿಯೊಬ್ಬರೂ ಅದನ್ನು ಓದಲಿ. ಆಮೇಲೆ ಒಂದು ಸ್ಟೂಲು ಕೇಳಿ ತರಿಸಿಕೊಂಡು, ಕೂತು ತಿನ್ನಿಸಿ.